ಅಟ್ಟ ಏರಿದ ಬೆಲೆ

ನಮ್ಮ ಅಪಾರ್ಟ್‌ಮೆಂಟುಗಳಲ್ಲಿ ಲಾಫ್ಟ್ ಎಂದರೆ ಅಡುಗೆಮನೆಯ ಬಾಗಿಲ ಮೇಲೆ ಎರಡಡಿ ಅಗಲಕ್ಕೆ ಚಾಚಿಕೊಂಡ ಕಾಂಕ್ರೀಟು ಹಾಸು. ಹಬ್ಬಕ್ಕೊಮ್ಮೆ ಇಳಿಯುವ ದೊಡ್ಡ ಪಾತ್ರೆ, ದಸರಾ ಬೊಂಬೆಗಳ ಪೆಟ್ಟಿಗೆ, ಚಕ್ರ ಮುರಿದ ಸೂಟ್‌ಕೇಸು, ಕೆಟ್ಟಿದ್ದರೂ ಬಿಸಾಡಲು ಮನಸ್ಸು ಬಾರದ ಮಿಕ್ಸಿ, ಎಲ್ಲಕ್ಕೂ ಅದೇ ಗತಿ. ಹಳೆಯ ಮನೆಗಳಲ್ಲಿ ಇದನ್ನೇ ಅಟ್ಟ ಎನ್ನುತ್ತಿದ್ದರು. ನ್ಯೂಯಾರ್ಕಿನ ಸೋಹೋ ಎಂಬ ಹಳೆಯ ಪೇಟೆಯಲ್ಲಿ ಈ ಲಾಫ್ಟ್ ಎಂಬ ಮಾತಿಗೆ ಬೇರೆಯೇ ತೂಕ: ಹಳೆಯ ಕಾರ್ಖಾನೆಯ ಮಹಡಿಯಲ್ಲಿ ಮಾಡಿಕೊಂಡ ಮನೆ. ಅದರ ಜೊತೆಗೆ ಪೆಂಟ್‌ಹೌಸ್ ಎಂಬ ಇನ್ನೊಂದು ಮಾತು, ಅಂದರೆ ಕಟ್ಟಡದ ತುತ್ತತುದಿಯ ಮನೆ ಎಂಬುದು, ಸೇರಿದರೆ ಮಾರಾಟದ ಬೆಲೆ ಒಂದು ಕೋಟಿ ಡಾಲರನ್ನು ಮುಟ್ಟುವುದೂ ಉಂಟು, ದಾಟುವುದೂ ಉಂಟು. ತಮಾಷೆಯೆಂದರೆ ಎರಡೂ ಬಡವರ ಮನೆಯ ಮಾತುಗಳೇ. ಪೆಂಟ್‌ಹೌಸ್ ಎಂಬುದು ಹಳೆಯ ಫ್ರೆಂಚಿನಿಂದ ಇಂಗ್ಲಿಷಿಗೆ ಬಂದ ಪದ. ದೊಡ್ಡ ಕಟ್ಟಡದ ಗೋಡೆಗೆ ಆನಿಸಿ ಇಳಿಬಿಟ್ಟ ಮಾಡಿಗೆ, ಅಂದರೆ ನಾವು ಸೌದೆ ಒಟ್ಟುವುದಕ್ಕೋ ಕರು ಕಟ್ಟುವುದಕ್ಕೋ ಮನೆಯ ಪಕ್ಕಕ್ಕೆ ಎಳೆದುಕೊಳ್ಳುವಂಥ ಮಾಡಿಗೆ, ಆ ಹೆಸರಿತ್ತು. ಅದರಲ್ಲಿ ‘ಹೌಸ್’ ಇರಲೇ ಇಲ್ಲ. ಬಾಯಿಂದ ಬಾಯಿಗೆ ಬರುವಾಗ ಜನ ತಾವಾಗಿ ಸೇರಿಸಿಕೊಂಡರು. ಒಂದು ಅಟ್ಟ, ಒಂದು ಇಳಿಮಾಡು ಸೇರಿ ಜಗತ್ತಿನ ಅತಿ ದುಬಾರಿ ಮನೆಗಳಲ್ಲಿ ಒಂದಾದದ್ದು ಹೇಗೆ, ಆ ಬೆಲೆಯಲ್ಲಿ ಯಾರ ಪಾಲು ಎಷ್ಟು ಎಂಬುದು ಈ ಹೊತ್ತಿನ ಮಾತು.

ಸೋಹೋ ಎಂದರೆ ಮ್ಯಾನ್‌ಹಟನ್ನಿನ ಹೌಸ್ಟನ್ ಬೀದಿಯ ದಕ್ಷಿಣ ಭಾಗ. ಟೆಕ್ಸಸ್ಸಿನ ಊರು ಹ್ಯೂಸ್ಟನ್, ಈ ಬೀದಿ ಹೌಸ್ಟನ್. ತಪ್ಪಿ ಹೇಳಿದವರನ್ನು ಅಲ್ಲಿಯವರು ಹೊಸಬರೆಂದು ಕಂಡುಹಿಡಿಯುತ್ತಾರೆ. ಅಲ್ಲಿ ಒಂದು ಮನೆ ಮಾರಾಟಕ್ಕೆ ಬಂದಾಗ ಜಾಹೀರಾತಿನಲ್ಲಿ ಸಾಮಾನ್ಯವಾಗಿ ಏನೇನಿರುತ್ತದೆ? ಹದಿಮೂರು ಹದಿನಾಲ್ಕು ಅಡಿ ಎತ್ತರದ ಚಾವಣಿ, ಆಳೆತ್ತರವನ್ನು ಮೀರಿದ ಕಿಟಕಿಗಳು, ಮೂಲದ ಎರಕದ ಕಂಬಗಳು, ನೇರವಾಗಿ ಮನೆಯೊಳಗೇ ತೆರೆದುಕೊಳ್ಳುವ ಲಿಫ್ಟು, ಸ್ವಂತ ತಾರಸಿ, ಅಡ್ಡಿಯಿಲ್ಲದ ಆಕಾಶ, ಕೊನೆಗೆ ‘ಐತಿಹಾಸಿಕ’ ಎಂಬ ಒಂದು ವಿಶೇಷಣ. ಇಟಲಿಯ ಅಮೃತಶಿಲೆ, ಜರ್ಮನಿಯ ಒಲೆ ಇವೆಲ್ಲ ಆಮೇಲೆ ಬರುತ್ತವೆ. ಈ ಪಟ್ಟಿಯಲ್ಲಿ ಮಾರುವವರು ತಮ್ಮ ಹಣದಿಂದ ಮಾಡಿಸಿದ್ದರ ಮುಂದೆ ಒಂದು ಗೆರೆ ಎಳೆಯುತ್ತ ಹೋಗಿ. ಒಲೆ, ಶಿಲೆ, ಸ್ನಾನದ ಮನೆಗೆ ಗೆರೆ ಬೀಳುತ್ತದೆ. ಅಂಥ ಒಲೆ, ಅಂಥ ಶಿಲೆ ಬೇರೆ ಯಾವ ಬೀದಿಯ ಮನೆಯಲ್ಲೂ ಹಾಕಿಸಬಹುದು, ಅದಕ್ಕೆ ಕೋಟಿ ಡಾಲರ್ ಬೇಡ. ಕೋಟಿ ತರುವ ಸಾಲುಗಳೆಲ್ಲ ಗೆರೆ ಬೀಳದೆ ಹಾಗೆಯೇ ಉಳಿಯುತ್ತವೆ. ಅವನ್ನು ಮಾಡಿದವರು ಬೇರೆಯವರು, ಕಾಪಾಡಿದ್ದು ಊರಿನ ಕಾನೂನು. ಹಾಗಿರುವಾಗ ಆ ಬೆಲೆಯಲ್ಲಿ ಊರಿಗೂ ಒಂದು ನ್ಯಾಯವಾದ ಪಾಲಿದೆ, ಆ ಪೇಟೆ ಮುಂದೆ ಹೇಗಿರಬೇಕು ಎಂಬುದರಲ್ಲಿ ಊರಿಗೆ ಮಾತಾಡುವ ಹಕ್ಕೂ ಇದೆ ಎಂಬುದು ನನ್ನ ವಾದ.

ಮೊದಲು ಲಿಫ್ಟನ್ನು ನೋಡೋಣ. ಲಿಫ್ಟಿಲ್ಲದ ಕಾಲದಲ್ಲಿ ಕಟ್ಟಡದ ತುತ್ತತುದಿಯೇ ಎಲ್ಲಕ್ಕಿಂತ ಅಗ್ಗದ ಜಾಗ. ನೀರು ಹೊರಬೇಕು, ಕಲ್ಲಿದ್ದಲು ಹೊರಬೇಕು, ಬೇಸಿಗೆಯಲ್ಲಿ ಚಾವಣಿಯ ಕಾವು ತಲೆಯ ಮೇಲೇ ಕೂರುತ್ತದೆ. ಆಳುಗಳು, ವಿದ್ಯಾರ್ಥಿಗಳು, ಬಡ ಬಾಡಿಗೆದಾರರು ಮಾತ್ರ ಅಲ್ಲಿರುತ್ತಿದ್ದರು. ಈ ಲೆಕ್ಕ ತಲೆಕೆಳಗಾಗಲು ತೊಡಗಿದ್ದು ಇದೇ ಪೇಟೆಯಲ್ಲಿ. ಬ್ರಾಡ್‌ವೇ ಮತ್ತು ಬ್ರೂಮ್ ಬೀದಿಗಳು ಕೂಡುವ ಮೂಲೆಯಲ್ಲಿ ಹಾವಟ್ ಎಂಬ ವ್ಯಾಪಾರಿಯ ಐದು ಮಹಡಿಯ ಅಂಗಡಿಯಿತ್ತು. ಪಿಂಗಾಣಿ, ಬೆಳ್ಳಿ ಸಾಮಾನು, ತೂಗುದೀಪಗಳ ವ್ಯಾಪಾರ. ಲಿಂಕನ್ನರ ಪತ್ನಿ ಶ್ವೇತಭವನಕ್ಕೆ ಪಿಂಗಾಣಿ ತಟ್ಟೆಗಳನ್ನು ತರಿಸಿದ್ದು ಇಲ್ಲಿಂದಲೇ. ಎಲೈಷಾ ಓಟಿಸ್ ಕಂಪನಿಯ ಉಗಿಯಂತ್ರದ ಲಿಫ್ಟು 1857ರಲ್ಲಿ ಇಲ್ಲಿ ಕೂತಿತು. ಹಗ್ಗ ಹರಿದರೂ ಪೆಟ್ಟಿಗೆ ಬೀಳದಂತೆ ಹಿಡಿದು ನಿಲ್ಲಿಸುವ ಕೊಕ್ಕೆಯನ್ನು ಓಟಿಸ್ ಅದಕ್ಕೆ ಮೂರು ವರ್ಷ ಮೊದಲೇ ಜನರೆದುರು ಪ್ರದರ್ಶಿಸಿದ್ದ. ಅಂಗಡಿಗೆ ಬಂದ ಗಿರಾಕಿಗಳು ಹತ್ತಿದ ಮೊದಲ ಲಿಫ್ಟು ಇದೆಂದು ಇತಿಹಾಸಕಾರರು ಎಣಿಸುತ್ತಾರೆ. ಐದು ಮಹಡಿಗೆ ಲಿಫ್ಟು ಬೇಕೇ ಬೇಕೆಂದೇನೂ ಇರಲಿಲ್ಲ, ಅದೊಂದು ಆಕರ್ಷಣೆ. ಆ ಆಕರ್ಷಣೆ ಬೆಳೆದು ಅಟ್ಟವನ್ನು ಅಂತಸ್ತಾಗಿ ಮಾಡಿತು.

ಇನ್ನು ಕಿಟಕಿ, ಕಂಬ, ಚಾವಣಿಯ ಎತ್ತರ. ಈ ಕಟ್ಟಡಗಳು ಎದ್ದದ್ದು ಹೆಚ್ಚಾಗಿ 1850ರಿಂದ 1890ರ ಒಳಗೆ, ಬಟ್ಟೆಯ ಸಗಟು ಮಳಿಗೆಗಳಾಗಿ, ಕಾರ್ಖಾನೆಗಳಾಗಿ. ಮ್ಯಾನ್‌ಹಟನ್ನಿನ ರೂಢಿಯ ನಿವೇಶನ 25 ಅಡಿ ಅಗಲ, 100 ಅಡಿ ಉದ್ದ. ಬೆಂಗಳೂರಿನ ಲೆಕ್ಕದಲ್ಲಿ ಎರಡು ಮೂವತ್ತು-ನಲವತ್ತು ಸೈಟಿಗಿಂತ ತುಸು ಹೆಚ್ಚು. ಅಕ್ಕಪಕ್ಕ ಗೋಡೆಗೆ ಗೋಡೆ ತಾಗಿರುವುದರಿಂದ ಬೆಳಕು ಬರಬೇಕಾದ್ದು ಮುಂದಿನಿಂದ ಮತ್ತು ಹಿಂದಿನಿಂದ ಮಾತ್ರ. ಕರೆಂಟಿಲ್ಲದ ಕಾಲದಲ್ಲಿ ಹೊಲಿಗೆಯವರ ಸೂಜಿಗೆ ದಾರ ಪೋಣಿಸುವಷ್ಟು ಬೆಳಕು ನಡುಭಾಗದವರೆಗೂ ತಲುಪಬೇಕಾದರೆ ಕಿಟಕಿ ಎತ್ತರವಾಗಿರಬೇಕು, ಚಾವಣಿ ಇನ್ನೂ ಎತ್ತರ. ಕಲ್ಲಿನ ಕಂಬ ದಪ್ಪವಾಗಿ ಬೆಳಕನ್ನು ನುಂಗುತ್ತದೆ, ಎರಕದ ಕಬ್ಬಿಣದ್ದಾದರೆ ತೆಳ್ಳಗಿದ್ದೂ ಭಾರ ಹೊರುತ್ತದೆ. ಡೇನಿಯಲ್ ಬ್ಯಾಡ್ಜರ್ ಎಂಬವನ ಎರಕದ ಕಾರ್ಖಾನೆಯಲ್ಲಿ ಕಂಬ, ಕಮಾನು, ಕಿಟಕಿಯ ಚೌಕಟ್ಟುಗಳನ್ನು ಅಚ್ಚಿನಲ್ಲಿ ಎರಕ ಹೊಯ್ದು, ಬೇಕಾದವರು ಕ್ಯಾಟಲಾಗು ನೋಡಿ ಆರಿಸಿಕೊಳ್ಳುವಂತೆ ಮಾಡಿದ್ದರು. ಬಿಡಿಭಾಗಗಳನ್ನು ತಂದು ಬೋಲ್ಟು ಬಿಗಿದು, ಕಲ್ಲಿನಂತೆ ಕಾಣಲೆಂದು ಕಲ್ಲಿನ ಬಣ್ಣ ಬಳಿಯುತ್ತಿದ್ದರು. ಆ ನಟನೆ ಎಷ್ಟು ಚೆನ್ನಾಗಿದೆಯೆಂದರೆ, ಈ ಕಟ್ಟಡಗಳ ಉಳಿವಿಗಾಗಿ 1970ರಲ್ಲಿ ಸಂಘ ಕಟ್ಟಿದ ಮಾರ್ಗೋ ಗೇಲ್ ಎಂಬಾಕೆ ಸದಸ್ಯರ ಕೈಗೆ ಒಂದು ಪುಟ್ಟ ಆಯಸ್ಕಾಂತ ಕೊಡುತ್ತಿದ್ದರು. ಕಂಬಕ್ಕೆ ಅಂಟಿದರೆ ಕಬ್ಬಿಣ, ಜಾರಿ ಕೈಗೆ ಬಿದ್ದರೆ ಕಲ್ಲು. ಇಂದು ‘ಮೂಲದ ವಿವರಗಳು’ ಎಂದು ಮಾರಾಟವಾಗುತ್ತಿರುವುದು ಈ ಅಗ್ಗದ ಅನುಕರಣೆ. ಹೊಲಿಯುವವರ ಕಣ್ಣಿಗೆಂದು ತೆರೆದ ಬೆಳಕು ಕೊಳ್ಳುವವರ ಸೋಫಾದ ಮೇಲೆ ಬೀಳುತ್ತಿದೆ.

ಇದೆಲ್ಲ ನೆಲಸಮವಾಗಲು ಒಂದೇ ಹೆಜ್ಜೆ ಉಳಿದಿತ್ತು. ನ್ಯೂಯಾರ್ಕಿನ ರಸ್ತೆ, ಸೇತುವೆಗಳ ಸರದಾರನೆನಿಸಿದ್ದ ರಾಬರ್ಟ್ ಮೋಸೆಸ್ ಬ್ರೂಮ್ ಬೀದಿಯ ಗುಂಟ ಹತ್ತು ಪಥದ ಮೇಲ್ಸೇತುವೆಯ ಹೆದ್ದಾರಿ ಎಳೆಯಲು ಹೊರಟಿದ್ದ. ಸುಮಾರು 2,000 ಕುಟುಂಬಗಳು, 800 ಅಂಗಡಿ-ಕಾರ್ಖಾನೆಗಳು ಏಳಬೇಕಾಗಿತ್ತು. ಬೆಂಕಿ ಅನಾಹುತಗಳಿಂದ ರೋಸಿಹೋದ ಅಗ್ನಿಶಾಮಕ ದಳ ಈ ಪ್ರದೇಶವನ್ನು ‘ನರಕದ ನೂರು ಎಕರೆ’ ಎಂದೇ ಕರೆಯುತ್ತಿತ್ತು. ಪಾಳುಬಿದ್ದ ಜಾಗ, ಕೆಡವಿದರೆ ನಷ್ಟವೇನು ಎಂಬುದು ಆಗಿನ ಮಾತು. ಆದರೆ ನಗರವೇ ನೇಮಿಸಿದ ಅಧ್ಯಯನದಲ್ಲಿ ಚೆಸ್ಟರ್ ರ್‍ಯಾಪ್ಕಿನ್ 1963ರಲ್ಲಿ ಬೇರೆಯೇ ಚಿತ್ರ ಕೊಟ್ಟರು. ಒಳಗೆ ಸಣ್ಣ ಉದ್ಯಮಗಳು ಉಸಿರಾಡುತ್ತಿದ್ದವು. ಪೋರ್ಟೊರಿಕೋದಿಂದ ಬಂದವರು, ಕರಿಯರು, ಹೆಂಗಸರು, ಬೇರೆ ಕಡೆ ಕೆಲಸ ಸಿಗದವರು ಅಲ್ಲಿ ದುಡಿದು ಉಣ್ಣುತ್ತಿದ್ದರು. ಲೇಖಕಿ ಜೇನ್ ಜೇಕಬ್ಸ್ ಮತ್ತು ಸುತ್ತಲಿನ ನಿವಾಸಿಗಳು ವರ್ಷಗಟ್ಟಲೆ ಹೋರಾಡಿದರು, 1969ರಲ್ಲಿ ಹೆದ್ದಾರಿಯ ಗೆರೆ ನಕ್ಷೆಯಿಂದಲೇ ಅಳಿಸಿಹೋಯಿತು. ಆ ಗೆರೆ ಉಳಿದಿದ್ದರೆ ಇಂದಿನ ಪೆಂಟ್‌ಹೌಸ್ ತಾರಸಿಯ ಜಾಗದಲ್ಲಿ ಲಾರಿಗಳು ಓಡುತ್ತಿದ್ದವು. ಸಭೆಗಳಲ್ಲಿ ಕೂಗಿ ಗಂಟಲು ಹರಿದುಕೊಂಡ ಯಾರ ಹೆಸರೂ ಯಾವ ಕ್ರಯಪತ್ರದಲ್ಲೂ ಇಲ್ಲ.

ಕಾರ್ಖಾನೆಗಳು ಒಂದೊಂದಾಗಿ ಹೊರಟುಹೋದಂತೆ ಖಾಲಿ ಮಹಡಿಗಳಿಗೆ ಕಲಾವಿದರು ಬಂದರು. ಮನೆ ಮಾಡಲು ಪರವಾನಗಿಯಿಲ್ಲದ ಜಾಗ. ಸಂಜೆಯಾದರೆ, ಶನಿವಾರ ಭಾನುವಾರ ಬಂದರೆ ಕಟ್ಟಡಕ್ಕೆ ಕಾವು ನಿಲ್ಲುತ್ತಿತ್ತು. ನ್ಯೂಯಾರ್ಕಿನ ಜನವರಿಯಲ್ಲಿ ಅದೇನೆಂದು ಅಲ್ಲಿರುವ ನಮ್ಮವರನ್ನು ಕೇಳಬೇಕು. ಕೊಳಾಯಿ, ವೈರಿಂಗು, ಸ್ನಾನದ ಮನೆ ಎಲ್ಲ ಸ್ವಂತ ಕೈಯಿಂದ. ಅವರ ಸಂಘ ಪಟ್ಟುಹಿಡಿದ ಮೇಲೆ 1961ರಲ್ಲಿ ನಗರ ಒಂದು ರಾಜಿಗೆ ಬಂತು: ಕಟ್ಟಡದ ಬಾಗಿಲಿಗೆ ‘ಎ.ಐ.ಆರ್.’ ಎಂಬ ಫಲಕ, ಜೊತೆಗೆ ಯಾವ ಮಹಡಿ ಎಂಬುದು. ನಮಗೆ ಆ ಮೂರಕ್ಷರವೆಂದರೆ ಆಕಾಶವಾಣಿ, ಅಲ್ಲಿ ‘ಆರ್ಟಿಸ್ಟ್ ಇನ್ ರೆಸಿಡೆನ್ಸ್’, ಇಲ್ಲೊಬ್ಬ ಕಲಾವಿದ ವಾಸವಾಗಿದ್ದಾನೆ ಎಂದು. ಬೆಂಕಿ ಬಿದ್ದಾಗ ಮೇಲೆ ಮನುಷ್ಯರಿದ್ದಾರೆಂದು ಅಗ್ನಿಶಾಮಕದವರಿಗೆ ತಿಳಿಯಲೆಂದು ಆ ಫಲಕ. ಲಿಥುವೇನಿಯಾದಲ್ಲಿ ಹುಟ್ಟಿದ ಜಾರ್ಜ್ ಮ್ಯಾಚುನಾಸ್ 1967ರಲ್ಲಿ ವೂಸ್ಟರ್ ಬೀದಿಯ 80ನೇ ನಂಬರಿನ ಕಟ್ಟಡದಲ್ಲಿ ಕಲಾವಿದರ ಸಹಕಾರಿ ವಸತಿ ಕಟ್ಟಿದ. ಕಾಗದಪತ್ರ ಸರಿಯಿಲ್ಲವೆಂದು ಸರ್ಕಾರಿ ವಕೀಲರು ಅವನ ಬೆನ್ನು ಹತ್ತಿದರು. ಶಿಲ್ಪಿ ಡೊನಾಲ್ಡ್ ಜಡ್ ಮರುವರ್ಷ ಸ್ಪ್ರಿಂಗ್ ಬೀದಿಯ 101ನೇ ನಂಬರಿನ ಐದು ಮಹಡಿಯ ಇಡೀ ಕಟ್ಟಡವನ್ನು 68,000 ಡಾಲರಿಗೆ ಕೊಂಡ. 1971ರಲ್ಲಿ ವಲಯದ ನಿಯಮ ಬದಲಾಗಿ, ನಗರದ ಸಂಸ್ಕೃತಿ ಇಲಾಖೆಯಿಂದ ಪ್ರಮಾಣಪತ್ರ ಪಡೆದ ಕಲಾವಿದರಿಗೆ ಅಲ್ಲಿ ವಾಸಿಸುವುದು ಕಾನೂನುಬದ್ಧವಾಯಿತು. 1982ರಲ್ಲಿ ಬಂದ ರಾಜ್ಯದ ಲಾಫ್ಟ್ ಕಾಯ್ದೆ ಹಳೆಯ ಬಾಡಿಗೆದಾರರಿಗೆ ರಕ್ಷಣೆ ಕೊಟ್ಟಿತು. ಅದೇ ವರ್ಷ ಸಮಾಜಶಾಸ್ತ್ರಜ್ಞೆ ಶರನ್ ಜೂಕಿನ್ ‘ಲಾಫ್ಟ್ ಲಿವಿಂಗ್’ ಪುಸ್ತಕದಲ್ಲಿ, ಕಲಾವಿದನ ಬಡತನದ ಬದುಕೇ ಹಣವಂತರ ಪಾಲಿಗೆ ಕೊಳ್ಳುವ ಸರಕಾಗಿ ಮಾರ್ಪಟ್ಟ ಬಗೆಯನ್ನು ಬಿಡಿಸಿ ತೋರಿಸಿದರು.

ಜಾಹೀರಾತಿನಲ್ಲಿ ಉಳಿದ ಕೊನೆಯ ಸಾಲು ಆಕಾಶದ್ದು, ನನ್ನ ವಾದಕ್ಕೆ ಬಲವಾದ ಸಾಕ್ಷಿಯೂ ಅದೇ. ಪೆನ್ಸಿಲ್ವೇನಿಯಾ ರೈಲು ನಿಲ್ದಾಣವನ್ನು 1963ರಲ್ಲಿ ಕೆಡವತೊಡಗಿದಾಗ ಎದ್ದ ಸಿಟ್ಟು ಆರುವ ಮೊದಲೇ, 1965ರಲ್ಲಿ, ನ್ಯೂಯಾರ್ಕ್ ಪಾರಂಪರಿಕ ಕಟ್ಟಡಗಳ ಕಾಯ್ದೆ ತಂದಿತು. ಅದರಡಿ 1973ರಲ್ಲಿ ಸೋಹೋದ ಸುಮಾರು 500 ಕಟ್ಟಡಗಳು ಒಟ್ಟಿಗೆ ರಕ್ಷಣೆಗೆ ಒಳಪಟ್ಟವು. ಅಲ್ಲಿ ಯಾರೂ ಮನಬಂದಂತೆ ಕೆಡವುವಂತಿಲ್ಲ, ಮಹಡಿ ಏರಿಸುವಂತಿಲ್ಲ. ಚಾವಣಿಯ ಮೇಲೆ ಪೆಂಟ್‌ಹೌಸ್ ಕಟ್ಟಬೇಕಾದರೂ ಅದು ಕೆಳಗಿನ ಬೀದಿಗೆ ಆದಷ್ಟೂ ಕಾಣಬಾರದು. ಕಟ್ಟುವ ಮೊದಲು ಮರದ ಕಂಬ ನಿಲ್ಲಿಸಿ, ಮನೆ ಬರುವ ಎತ್ತರಕ್ಕೆ ಸರಿಯಾಗಿ ಕಿತ್ತಳೆ ಬಣ್ಣದ ಬಲೆ ಕಟ್ಟಿ, ಬೀದಿಯ ಬೇರೆ ಬೇರೆ ಕಡೆಯಿಂದ ಫೋಟೊ ತೆಗೆದು ಎಷ್ಟು ಕಾಣುತ್ತದೆಂದು ಪಾರಂಪರಿಕ ಕಟ್ಟಡಗಳ ಆಯೋಗಕ್ಕೆ ತೋರಿಸಬೇಕು. ಗ್ರ್ಯಾಂಡ್ ಸೆಂಟ್ರಲ್ ನಿಲ್ದಾಣದ ನೆತ್ತಿಯ ಮೇಲೆ ಐವತ್ತಕ್ಕೂ ಹೆಚ್ಚು ಮಹಡಿಯ ಗೋಪುರ ಕಟ್ಟಬೇಕೆಂದಿದ್ದ ರೈಲು ಕಂಪನಿ, ಇದೇ ಕಾಯ್ದೆ ನಮ್ಮ ಆಕಾಶ ಕಿತ್ತುಕೊಂಡಿತು ಎಂದು ಸುಪ್ರೀಂ ಕೋರ್ಟಿನವರೆಗೆ ಹೋಗಿ 1978ರಲ್ಲಿ ಸೋತಿತು. ಕಟ್ಟಲಾಗದ ಮಹಡಿಗಳ ಹಕ್ಕನ್ನು ಸುತ್ತಲಿನ ನಿವೇಶನಗಳಿಗೆ ವರ್ಗಾಯಿಸಬಹುದಲ್ಲ ಎಂಬುದೂ ತೀರ್ಪಿನ ಒಂದು ಎಳೆ. ರಸ್ತೆ ಅಗಲಿಸಲು ಜಾಗ ಬಿಟ್ಟು ಟಿಡಿಆರ್, ಅಂದರೆ ಕಟ್ಟುವ ಹಕ್ಕು ವರ್ಗಾಯಿಸುವ ಪತ್ರ, ಹಿಡಿದು ಓಡಾಡಿದ ಬೆಂಗಳೂರಿಗರಿಗೆ ಈ ವರ್ಗಾವಣೆ ಹೊಸದಲ್ಲ. ಮುಖ್ಯ ವಿಷಯವೆಂದರೆ, ಪಕ್ಕದವರ ಕೈ ಕಟ್ಟಿಹಾಕಿದ್ದರಿಂದಲೇ ತಾರಸಿಯವರ ಕಣ್ಣಿಗೆ ಆಕಾಶ ಉಳಿದಿದೆ. ಆ ಕಟ್ಟು ಹಾಕಿದ್ದು ಊರು. ಮಾರುವವರು ತಮ್ಮದೆಂದು ಬೆಲೆ ಕಟ್ಟಿರುವುದು ಅದಕ್ಕೆ.

ಇದಕ್ಕೆ ಆಕ್ಷೇಪಗಳಿವೆ, ಹಗುರವಾದವಲ್ಲ. ಮೊದಲನೆಯದು: ಎಲ್ಲ ಆಸ್ತಿಯ ಕತೆಯೂ ಇದೇ ತಾನೆ? ಮೆಟ್ರೊ ಬಂದರೆ ಪಕ್ಕದ ಸೈಟಿನ ಬೆಲೆ ಏರುತ್ತದೆ. ಮಾಲೀಕರು ಅದಕ್ಕೆ ಕಡ್ಡಿ ಎತ್ತಿಟ್ಟಿರುವುದಿಲ್ಲ. ಈಗಿನ ಮಾಲೀಕರು ಹಿಂದಿನವರಿಗೆ ಪೂರ್ತಿ ಹಣ ಎಣಿಸಿದವರು, ಅವರ ತಪ್ಪೇನು? ಅಷ್ಟೇ ಅಲ್ಲ, ಮುಗ್ಧ ಬಡವರೆಂದು ನಾವು ಮರುಗುವ ಕಲಾವಿದರೇ ಈ ವ್ಯಾಪಾರ ಶುರುಮಾಡಿದ್ದು. ತಾವು ಹಾಕಿಸಿದ ಕೊಳಾಯಿ, ಒಲೆಗಳಿಗೆಂದು ಮುಂದಿನ ಬಾಡಿಗೆದಾರರಿಂದ ದೊಡ್ಡ ಮೊತ್ತ ಎತ್ತುತ್ತಿದ್ದರು, ಮುಂಬಯಿಯ ಪಗಡಿಯ ಹಾಗೆ. ಸಹಕಾರಿ ಪಾಲುಗಳನ್ನು ಮಾರಿ ಹಣವಂತರಾದವರೂ ಇದ್ದಾರೆ. ಇದನ್ನೆಲ್ಲ ಒಪ್ಪುತ್ತೇನೆ. ಆದರೆ ಎಲ್ಲ ಕಡೆ ನಡೆಯುತ್ತದೆ ಎಂಬುದು ಸಮರ್ಥನೆಯಾಗದು. ಇದೇ ನ್ಯೂಯಾರ್ಕಿನಲ್ಲಿ 1886ರಲ್ಲಿ ಮೇಯರ್ ಹುದ್ದೆಗೆ ನಿಂತು ಎರಡನೆಯ ಸ್ಥಾನ ಪಡೆದ ಹೆನ್ರಿ ಜಾರ್ಜ್ ಹೇಳುತ್ತಿದ್ದುದು ಇದನ್ನೇ: ಸಮಾಜದ ಬೆಳವಣಿಗೆಯಿಂದ ನೆಲಕ್ಕೆ ಬಂದ ಬೆಲೆ ತೆರಿಗೆಯಾಗಿ ಸಮಾಜಕ್ಕೆ ಮರಳಬೇಕು, ದುಡಿದು ಕಟ್ಟಿದ್ದು ಕಟ್ಟಿದವರಿಗೆ ಇರಬೇಕು. ಕೊಂಡವರನ್ನು ಕಳ್ಳರೆಂದು ಕರೆಯುವ ಅಗತ್ಯವೇ ಇಲ್ಲ. ಅವರು ಕೊಟ್ಟ ಹಣ ಹಿಂದಿನವರ ಜೇಬಿಗೆ ಹೋಯಿತು, ಬೆಲೆ ಹುಟ್ಟಿಸಿದವರಿಗೆ ತಲುಪಲಿಲ್ಲ ಎಂಬುದಷ್ಟೇ ದೂರು.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿ: ಹಣವಂತರು ಬಾರದಿದ್ದರೆ ಈ ಕಟ್ಟಡಗಳು ಉಳಿಯುತ್ತಿದ್ದವೇ? ಎರಕದ ಕಬ್ಬಿಣಕ್ಕೆ ಬಣ್ಣ ತಪ್ಪಿದರೆ ತುಕ್ಕು, ಕೀಲುಗಳಲ್ಲಿ ನೀರು ಇಳಿದರೆ ಒಳಗಿನ ಬೋಲ್ಟೇ ಕರಗುತ್ತದೆ. ಮುಂಭಾಗ ಬಿಚ್ಚಿ, ತುಕ್ಕು ಕೆರೆದು, ಒಡೆದ ಭಾಗಕ್ಕೆ ಹೊಸ ಎರಕ ಹೊಯ್ಯಿಸಿ ಮತ್ತೆ ಜೋಡಿಸುವುದು ಬಡವರ ಕೆಲಸವಲ್ಲ. ನಿಜ. ಆದರೆ ಇದು ದಾನವೂ ಅಲ್ಲ. ನಗರದ ವಲಯ ನಿಯಮಗಳಲ್ಲಿ 74-711 ಎಂಬ ಕಲಮೇ ಇತ್ತು: ಪಾರಂಪರಿಕ ಕಟ್ಟಡವನ್ನು ದುರಸ್ತಿ ಮಾಡಿ ಮುಂದೆಯೂ ಕಾಪಾಡುವೆನೆಂದು ಕರಾರು ಬರೆದುಕೊಟ್ಟರೆ, ಬಳಕೆಯ ನಿಯಮ, ಕಟ್ಟಡದ ಗಾತ್ರದ ನಿಯಮಗಳಲ್ಲಿ ರಿಯಾಯಿತಿ. ಕಾರ್ಖಾನೆಯ ವಲಯದಲ್ಲಿ ಕಲಾವಿದರಲ್ಲದವರಿಗೂ ಐಷಾರಾಮಿ ಮನೆ ಮಾಡಲು ಎಷ್ಟೋ ಮಾಲೀಕರು ಹಿಡಿದ ದಾರಿ ಇದು. ಅಂದರೆ ದುರಸ್ತಿಯ ಖರ್ಚಿಗೆ ಊರು ಆಗಲೇ ಪ್ರತಿಫಲ ಕೊಟ್ಟಿದೆ. ಅಂಗಡಿಯಲ್ಲಿ ರಿಯಾಯಿತಿ ಪಡೆದು ಕೊಂಡ ಮೇಲೆ, ಅಂಗಡಿಯನ್ನು ಉಳಿಸಿದ್ದೇ ನಾನು ಎಂದರೆ ಹೇಗೆ?

ಮೂರನೆಯದನ್ನು ನಾನು ಅರ್ಧ ಒಪ್ಪುತ್ತೇನೆ. ಸಂರಕ್ಷಣೆಯೇ ಬೆಲೆ ಏರಿಸಿತು, ಹೊಸ ಮನೆ ಕಟ್ಟಲು ಬಿಡದೆ ಕೊರತೆ ಹುಟ್ಟಿಸಿತು, ಆದ್ದರಿಂದ ಆ ಕಾಯ್ದೆಯನ್ನೇ ಸಡಿಲಿಸಿ ಎನ್ನುವವರಿದ್ದಾರೆ. ಸೋಹೋದಲ್ಲಿ ಅವರ ಮಾತಿಗೆ ಪುರಾವೆ ಸಾಕಷ್ಟಿದೆ. ನಗರ 2021ರ ಕೊನೆಯಲ್ಲಿ ಅಲ್ಲಿನ ವಲಯ ನಿಯಮ ಬದಲಿಸಿ, ರಕ್ಷಿತ ಕಟ್ಟಡಗಳಿಲ್ಲದ ಜಾಗಗಳಲ್ಲಿ ಹೊಸ ಮನೆಗಳಿಗೆ, ಅವುಗಳಲ್ಲಿ ಒಂದು ಪಾಲು ಕಡಿಮೆ ಬಾಡಿಗೆಯವಕ್ಕೆ ಅವಕಾಶ ಮಾಡಿದಾಗ, ಇತಿಹಾಸದ ಹೆಸರು ಹೇಳಿ ವಿರೋಧಿಸಿದವರಲ್ಲಿ ಅಲ್ಲಿ ಆಗಲೇ ನೆಲೆಯೂರಿದ ಮಾಲೀಕರೂ ಇದ್ದರು. ಅಂಥ ಖಾಲಿ ಪಾರ್ಕಿಂಗ್ ಜಾಗಕ್ಕೆ ಯಾವ ಪರಂಪರೆ? ಹಳೆಯ ಎರಕದ ಕಂಬಕ್ಕೆ ಹಾಕಿದ ಕಾವಲನ್ನು ಖಾಲಿ ನೆಲಕ್ಕೂ ಎಳೆದರೆ ಸಂರಕ್ಷಣೆ ಬೇಲಿಯಾಗುತ್ತದೆ. ಆದರೆ ಬೇಲಿ ಕೆಟ್ಟದ್ದೆಂದು ಕಂಬ ಕೆಡವುವ ಅಗತ್ಯವಿಲ್ಲ. ಎರಡನ್ನೂ ಬೇರೆ ಮಾಡಿ ನೋಡಿದರೆ ಸಾಕು.

ಹಾಗಾದರೆ ಊರಿನ ಪಾಲು ಈಗ ಊರಿಗೆ ಸಿಗುತ್ತಿಲ್ಲವೇ? ಸ್ವಲ್ಪ ಸಿಗುತ್ತದೆ. ಹತ್ತು ಲಕ್ಷ ಡಾಲರ್ ಮತ್ತು ಅದಕ್ಕೂ ಮೇಲಿನ ಮನೆ ಕೊಂಡರೆ ಶೇ. 1ರಷ್ಟು ವಿಶೇಷ ತೆರಿಗೆಯಿದೆ, 2019ರಿಂದ ಅದು ಮೆಟ್ಟಿಲುಮೆಟ್ಟಿಲಾಗಿ ಏರಿ, ಎರಡೂವರೆ ಕೋಟಿ ಡಾಲರ್ ಮುಟ್ಟಿದ ಮನೆಗೆ ಶೇ. 3.9 ಆಗುತ್ತದೆ. ಇದು ಕೈಬದಲಾದಾಗ ಮಾತ್ರ ಬರುವ ಹಣ. ವರ್ಷವರ್ಷದ ಆಸ್ತಿ ತೆರಿಗೆಯ ಕತೆ ವಿಚಿತ್ರ: ಅಲ್ಲಿನ ಕಾನೂನಿನ ಪ್ರಕಾರ ಸಹಕಾರಿ ಮನೆಗಳನ್ನೂ ಕಾಂಡೊಮಿನಿಯಂಗಳನ್ನೂ ಮಾರಾಟದ ಬೆಲೆಯ ಮೇಲೆ ಅಳೆಯದೆ, ಇಡೀ ಕಟ್ಟಡ ಬಾಡಿಗೆಗೆ ಹೋಗಿದ್ದರೆ ಎಷ್ಟು ಹುಟ್ಟುತ್ತಿತ್ತು ಎಂದು ಊಹಿಸಿ ಅಳೆಯಬೇಕು. ಅದರಿಂದ ಕೋಟಿ ಡಾಲರಿನ ಮನೆ ತೆರಿಗೆ ಕಡತದಲ್ಲಿ ಬಹಳ ಕುಗ್ಗಿ ಕೂತಿರುತ್ತದೆ. ಇತಿಹಾಸ ಜಾಹೀರಾತಿನಲ್ಲಿ ಬೆಲೆ ಏರಿಸುತ್ತದೆ, ಕಡತದಲ್ಲಿ ಅದರ ಲೆಕ್ಕವೇ ಇಲ್ಲ. ಕಲಾವಿದರಿಗೆಂದು ಮೀಸಲಾದ ಮಹಡಿಯನ್ನು ಸಾಮಾನ್ಯ ಮನೆಯಾಗಿ ಬದಲಿಸುವವರು ಚದರಡಿಗೆ 100 ಡಾಲರಿನಂತೆ ಕಲಾನಿಧಿಗೆ ಕಟ್ಟಬೇಕೆಂದು 2021ರ ನಿಯಮ ವಿಧಿಸಿತು. ಮಾಲೀಕರ ಗುಂಪು ಕೋರ್ಟಿನ ಮೆಟ್ಟಿಲು ಹತ್ತಿತು. ನನ್ನನ್ನು ಕೇಳಿದರೆ ಆ ಶುಲ್ಕ ನ್ಯಾಯವಾದದ್ದು, ವಾರ್ಷಿಕ ತೆರಿಗೆಯೂ ನಿಜವಾದ ಮಾರಾಟದ ಬೆಲೆಯನ್ನೇ ಹಿಡಿಯಬೇಕು. ಒಳಗಿನ ಅಮೃತಶಿಲೆಗೆ ಬೇಕಾದರೆ ಪೂರ್ತಿ ವಿನಾಯಿತಿ ಕೊಡಲಿ. ಕಿಟಕಿಯ ಆಚೆ ಇರುವುದಕ್ಕೆ ಬೇಡ.

ಹಾವಟ್ಟನ ಅಂಗಡಿಯ ಕಟ್ಟಡ ಬ್ರೂಮ್ ಬೀದಿಯ ಮೂಲೆಯಲ್ಲಿ ಇಂದಿಗೂ ನಿಂತಿದೆ. ಅದರ ಸುತ್ತಲಿನ ಚಾವಣಿಗಳ ಮೇಲೆ ಆಗಾಗ ಮರದ ಕಂಬಗಳು ಏಳುತ್ತವೆ, ಕಿತ್ತಳೆ ಬಣ್ಣದ ಬಲೆ ಗಾಳಿಗೆ ಪಟಪಟಿಸುತ್ತದೆ, ಅರ್ಜಿ ಪಾರಂಪರಿಕ ಕಟ್ಟಡಗಳ ಆಯೋಗದ ಮುಂದೆ ಬರುತ್ತದೆ. ದೊಡ್ಡ ಅರ್ಜಿಗಳ ವಿಚಾರಣೆ ಬಹಿರಂಗವಾಗಿ ನಡೆಯುತ್ತದೆ. ಯಾರು ಬೇಕಾದರೂ ಎದ್ದು ನಿಂತು ಮಾತಾಡಬಹುದು. ಅದಕ್ಕೆ ಅಲ್ಲಿ ಒಂದು ಚದರಡಿಯ ಒಡೆತನವೂ ಬೇಕಾಗಿಲ್ಲ.